ತಲೆಯ ಮೇಲೆ ಕೂರದ ಚೀಲ

ಜಗಲಿಯ ಗೂಟದಲ್ಲಿ ಮೊಮ್ಮಗಳ ಚೀಲ ತೂಗುತ್ತಿದೆ. ನಿನ್ನೆ ಸಂಜೆ ಬಂದವಳು ಕ್ಯಾಮೆರಾ ಸಾಮಾನನ್ನೆಲ್ಲ ತೆಗೆದು ಕಪಾಟಿಗೆ ಸೇರಿಸಿ, ಗಾಳಿಯಾಡಲಿ ಎಂದು ಖಾಲಿ ಚೀಲವನ್ನು ಅಲ್ಲಿ ಹಾಕಿದ್ದಾಳೆ. ತಂದು ತಿಂಗಳುಗಳಾದರೂ ಅದರ ಹೊಸ ವಾಸನೆ ಹೋಗಿಲ್ಲ. ಹೊಸ ರಬ್ಬರ್ ಚಪ್ಪಲಿ ತಂದು ಮೂಲೆಯಲ್ಲಿಟ್ಟರೆ ಬರುತ್ತದಲ್ಲ, ಅಂಥ ವಾಸನೆ. ಕಸ ಗುಡಿಸುವ ನೆವ ಮಾಡಿಕೊಂಡು ಹೋಗಿ ಒಮ್ಮೆ ಮೂಸಿ ಬರುತ್ತೇನೆ. ಸೊಸೆ ನೋಡಿ ನಗುತ್ತಾಳೆ. ನಗಲಿ ಬಿಡಿ. ನಿಮ್ಮ ಮೊಮ್ಮಗಳೂ ಕ್ಯಾಮೆರಾ ಹೊತ್ತು ಊರೂರಿಗೆ ಮದುವೆ ತೆಗೆಯಲು ಹೋಗುವವಳಾಗಿದ್ದರೆ ನೀವೂ ಮೂಸುತ್ತಿದ್ದಿರಿ.

ಅದೇ ಗೂಟದಲ್ಲಿ ಒಂದು ಕಾಲಕ್ಕೆ ನನ್ನ ಸಿಂಬೆ ಇರುತ್ತಿತ್ತು. ಹಳೆ ಸೀರೆಯ ತುಂಡನ್ನು ಹುರಿ ಮಾಡಿ ದೊಡ್ಡ ಬಳೆಯ ಹಾಗೆ ಸುತ್ತಿ, ತಲೆಗೂ ಹೊರೆಗೂ ನಡುವೆ ಇಟ್ಟುಕೊಳ್ಳುವುದು. ಬಿಳಗಿಯ ಹತ್ತಿರದ ನಮ್ಮ ಊರಿಂದ ಸಿದ್ದಾಪುರದ ಸಂತೆಗೆ ಹೆಡಿಗೆ ತುಂಬ ಮೊಗೆಕಾಯಿ ಹೊತ್ತು ಮಾರಿದವಳು ನಾನು. ಹೆಡಿಗೆ ಅಂದರೆ ನಮ್ಮ ಕಡೆಯ ದೊಡ್ಡ ಬುಟ್ಟಿ, ಮೊಗೆಕಾಯಿ ಅಂದರೆ ಸಾಂಬಾರಿಗೆ ಹಾಕುವ ದಪ್ಪ ಸೌತೆ. ತಳದಲ್ಲಿ ಒಣಹುಲ್ಲು, ಅದರ ಮೇಲೆ ಬಲಿತ ದಪ್ಪ ಕಾಯಿ, ಮೇಲೆ ಮೇಲೆ ಹೋದ ಹಾಗೆ ಎಳೆಯವು. ಒಂದಕ್ಕೊಂದು ತಾಗಿ ಗಾಯವಾದರೆ ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಶಾಲೆಯಲ್ಲಿ ನಾನು ಹೆಚ್ಚು ದಿನ ಕೂತವಳಲ್ಲ. ಓದು ಬರಹ ಬಂದದ್ದು ಮಗನ ಪುಸ್ತಕ ನೋಡಿ. ಆದರೆ ಭಾರದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂತ ಒಂದು ಗರ್ವ ಮಾತ್ರ ಇತ್ತು.

ಹೊರೆ ಹೊತ್ತು ನಡೆಯುವುದು ಹೇಗೋ ಆಗುತ್ತದೆ. ಕಷ್ಟವಿರುವುದು ಎತ್ತಿಕೊಳ್ಳುವುದರಲ್ಲಿ. ತುಂಬಿದ ಹೆಡಿಗೆಯನ್ನು ಒಬ್ಬಳೇ ತಲೆಗೇರಿಸಲು ಬರುವುದಿಲ್ಲ. ದಾರಿಯಲ್ಲಿ ದಣಿದು ಇಳಿಸಿದರೆ, ಎತ್ತಿಕೊಡುವವರು ಬರುವ ತನಕ ಕಾಯಬೇಕು. ಹೊರೆಯ ಪಕ್ಕ ನಿಂತವಳನ್ನು ಕಂಡು ಯಾರೂ ದಾಟಿ ಹೋಗುವ ಹಾಗಿರಲಿಲ್ಲ, ಅದು ನಮ್ಮ ಕಡೆಯ ರೀತಿ. ನನಗೂ ನನ್ನ ವಾರಗಿತ್ತಿಗೂ ಒಂದು ಎಮ್ಮೆಯ ದೆಸೆಯಿಂದ ಮಾತು ನಿಂತಿತ್ತು. ಎಮ್ಮೆ ಸತ್ತ ಮೇಲೂ ಶುರುವಾಗಲಿಲ್ಲ. ಆದರೂ ಸಂತೆಯ ಬೆಳಿಗ್ಗೆ ನನ್ನ ಹೆಡಿಗೆ ಎತ್ತಿಕೊಡಲು ಅವಳು ಬಂದೇ ಬರುತ್ತಿದ್ದಳು. ಎತ್ತಿ ಸಿಂಬೆಯ ಮೇಲಿಟ್ಟು, ಕೈ ಬಿಡುವ ಮೊದಲು ಭಾರ ಸರಿಯಾಗಿ ಕೂತಿತೋ ಇಲ್ಲವೋ ಕೇಳಲೇಬೇಕು. ಮಾತು ಬಿಟ್ಟವಳು ಹೇಗೆ ಕೇಳುವುದು? ಅವಳು ಅಂಗಳದ ನಾಯಿಯ ಕಡೆ ನೋಡಿಕೊಂಡು "ಕೂತ್ತಾ?" ಅನ್ನುತ್ತಿದ್ದಳು. ನಾನೂ ನಾಯಿಗೇ ಹೇಳುತ್ತಿದ್ದೆ, "ಕೂತ್ತು, ಬಿಡು." ಆ ನಾಯಿ ಪಾಪ ಬಾಲ ಅಲ್ಲಾಡಿಸುತ್ತಿತ್ತು.

ಎಲ್ಲಿಂದ ಎಲ್ಲಿಗೋ ಹೋದೆ. ಚೀಲದ ಮಾತಿಗೆ ಬರುತ್ತೇನೆ.

ಪವಿ ನನ್ನ ಮಗನ ಮಗಳು. ಶಿರಸಿಯ ಒಂದು ಸ್ಟುಡಿಯೋದಲ್ಲಿ ಲೈಟು ಹಿಡಿಯುವ ಕೆಲಸಕ್ಕೆ ಸೇರಿ, ಹಿರಿಯರ ಬೆನ್ನ ಹಿಂದೆ ನಿಂತು ನಿಂತೇ ಫೋಟೋ ತೆಗೆಯುವುದನ್ನು ಕಲಿತಳು. ಹೋದ ಚಳಿಗಾಲದ ಒಂದು ಸಂಜೆ ಸೀದಾ ಅಡುಗೆಮನೆಗೆ ಬಂದು, "ಅಜ್ಜೀ, ಕಿರವತ್ತಿ ಕಡೆ ಒಂದು ಮದುವೆ. ಈ ಸಲ ನಾನೊಬ್ಳೇ ತೆಗೆಯೋದು" ಅಂದಳು. ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ. ಹಾಲು ಉಕ್ಕಿ ಒಲೆ ಆರಿತು. ಹಾಲು ಉಕ್ಕಿದ್ದು ಶುಭವೇ ಅಂದುಕೊಂಡೆ. ಆದರೆ ಹುಡುಗಿಯ ಮುಖದಲ್ಲಿ ಗೆಲುವಿಲ್ಲ. ಹೆಗಲಿನಿಂದ ಹಳೆಯ ಚೀಲ ಇಳಿಸುವಾಗ ನೋಡುತ್ತೇನೆ, ಪಟ್ಟಿ ಒತ್ತಿದಲ್ಲಿ ಬರೆ ಎಳೆದ ಹಾಗೆ ಕೆಂಪಾಗಿದೆ.

"ಇದೆಂತದೆ?"

"ಇದೇ ಆಗಿದ್ದು. ಮದುವೆ ಮನೆ ತನಕ ಗಾಡಿ ಹೋಗೋದಿಲ್ವಂತೆ. ಹಳ್ಳದ ಮೇಲಿನ ಕಾಲುಸಂಕ ದಾಟಿ ನಡೀಬೇಕು. ಹೊರೋಕೆ ಆಗ್ದಿದ್ರೆ ಈಗ್ಲೇ ಹೇಳು, ಬೇರೆಯವ್ರನ್ನ ಕಳಿಸ್ತೇನೆ ಅಂದ್ರು ಸ್ಟುಡಿಯೋ ಯಜಮಾನ್ರು."

"ಆಗ್ದಿದ್ರೆ ಅಂದ್ರೆ ಎಂತ? ನೀನು ಯಾರ ಮೊಮ್ಮಗಳು?"

"ಅದು ನಂಗೆ ಗೊತ್ತು ಅಜ್ಜಿ. ಹೆಗಲಿಗೆ ಗೊತ್ತಿಲ್ಲ."

ಚೀಲ ಎತ್ತಿ ನೋಡಿದೆ. ನಿಜ ಹೇಳುತ್ತೇನೆ, ಕಲ್ಲು ತುಂಬಿದ್ದಾಳೋ ಅನ್ನಿಸಿತು. ಕ್ಯಾಮೆರಾ, ಫ್ಲಾಶು, ಬ್ಯಾಟರಿ, ಚಾರ್ಜರು, ಎಂತೆಂತದೋ ವೈರು, ಜೊತೆಗೆ ಒಂದು ದೊಡ್ಡ ಲೆನ್ಸು. ಅದನ್ನು ಕಂಡರೆ ನನಗೆ ಬಲಿತ ಮೊಗೆಕಾಯಿಯದೇ ನೆನಪು: ಅಷ್ಟೇ ದಪ್ಪ, ಅಷ್ಟೇ ತೂಕ, ಪೆಟ್ಟು ಬಿದ್ದರೆ ಅಷ್ಟೇ ನಷ್ಟ. ನಷ್ಟ ಮಾತ್ರ ಅಷ್ಟೇ ಅಲ್ಲ, ಎಷ್ಟೋ ಪಟ್ಟು ಹೆಚ್ಚು ಅನ್ನುತ್ತಾಳೆ ಪವಿ.

ಮಾರನೆಯ ದಿನ ಅವಳ ಜೊತೆ ನಾನೂ ಶಿರಸಿ ಬಸ್ಸು ಹತ್ತಿದೆ. ಹೊಸ ಚೀಲ ಆರಿಸಲು ನಾನಿಲ್ಲದೆ ಆಗುತ್ತದೆಯೇ? ಸಾಮಾನನ್ನೆಲ್ಲ ತೆಗೆದುಕೊಂಡೇ ಹೋಗೋಣ ಅಂದವಳೂ ನಾನೇ. ಖಾಲಿ ಚೀಲ ಯಾರ ಹೆಗಲಿಗೂ ಹಗುರವೇ. ಅಂಗಡಿಯವ ಹಾವೇರಿ ಕಡೆಯವ, ಬಾಯಿ ತುಂಬ ಮಾತು. "ಬರ್ರಿ ಅಮ್ಮಾರ, ಕುಂದರ್ರಿ" ಅಂತ ಸ್ಟೂಲು ಕೊಟ್ಟು, ಮೊದಲಿಗೆ ಗಾಲಿಯ ಚೀಲವೊಂದನ್ನು ತಂದ. "ಹೊರೋ ಕೆಲಸನ ಇಲ್ರಿ. ಎಳಕೊಂಡು ಹೋದ್ರಾತು."

"ಸಂಕದ ಮೇಲೂ ಎಳೀಲಿಕ್ಕೆ ಬತ್ತದಾ?" ಅಂದೆ. ಅವನು ನಕ್ಕು ಅದನ್ನು ಒಳಗೆ ತಳ್ಳಿದ. ಆಮೇಲೆ ಒಂದೇ ಹೆಗಲಿಗೆ ಹಾಕುವಂಥದ್ದು ತಂದ. ಪವಿ ಹೆಗಲು ಸವರಿಕೊಂಡಳು.

ಆಗ ನನ್ನ ಕಣ್ಣಿಗೆ ಮೇಲಿನ ಹಲಗೆಯ ಪೆಟ್ಟಿಗೆ ಬಿತ್ತು. ಕಪ್ಪಗೆ, ಗಟ್ಟಿಯಾಗಿ, ತಳ ಚಪ್ಪಟೆಯಾಗಿ, ಎಂಥ ಪೆಟ್ಟಿಗೆ ಅಂತೀರಿ! ಒಳಗೆ ಮೆತ್ತನೆಯ ಗೂಡುಗಳು. ಒಂದೊಂದು ಸಾಮಾನೂ ಗೂಡಿನಲ್ಲಿ ಮೊಟ್ಟೆಯ ಹಾಗೆ ಕೂತವು. ನನಗೆ ಇನ್ನೇನೂ ಕಾಣಿಸಲಿಲ್ಲ. ಸೆರಗನ್ನು ಸುತ್ತಿ ತಲೆಯ ಮೇಲಿಟ್ಟುಕೊಂಡೆ, ಎತ್ತಿಕೊಡು ಅಂತ ಅಂಗಡಿಯವನಿಗೇ ಹೇಳಿದೆ, ಪೆಟ್ಟಿಗೆ ಹೊತ್ತು ಬಾಗಿಲು ದಾಟಿ ಬೀದಿಗಿಳಿದೆ. ಆ ಹೊತ್ತಿಗೆ ಮಂಡಿನೋವು ಸಹ ಎಲ್ಲಿ ಹೋಗಿತ್ತೋ. ರಿಕ್ಷಾದವರು ಎದ್ದು ನಿಂತು ನೋಡಿದರು. ಹೂವಿನವಳು ಮಾಲೆ ಕಟ್ಟುವುದನ್ನೇ ನಿಲ್ಲಿಸಿದಳು.

"ನೋಡೆ, ಕೈ ಎರಡೂ ಖಾಲಿ! ಸಂಕ ದಾಟೋಕೆ ಇದೇ ಸೈ!"

"ಅಜ್ಜೀ, ಮಾರಾಯ್ತಿ, ಒಳಗೆ ಬಾ! ಇದನ್ನ ತಲೆ ಮೇಲೆ ಇಟ್ಕಂಡು ಹೋದ್ರೆ ಮದುವೆ ಮನೆಯವ್ರು ಮೊಗೆಕಾಯಿ ಬಂತು ಅಂತಾರೆ!"

"ಅಂದ್ರೆ ಅನ್ಲಿ. ಮೊಗೆಕಾಯಿ ಮಾರಿಯೇ ನಿನ್ನಪ್ಪ ದೊಡ್ಡಾದ್ದು."

ಅವಳೂ ಬೀದಿಗಿಳಿದಳು. ಆಮೇಲೆ ಹತ್ತಿರ ಬಂದು, "ಆಯ್ತು, ನಂಗೂ ಎತ್ತಿಕೊಡು" ಅಂದಳು. ನಡುಬೀದಿಯಲ್ಲೇ ಅವಳ ವೇಲನ್ನು ಸುತ್ತಿ ಸಿಂಬೆ ಮಾಡಿ ಪೆಟ್ಟಿಗೆ ಇಟ್ಟೆ. "ಕೂತ್ತನೆ?" ಅಂದೆ. ಎಲ್ಲಿ ಕೂರುತ್ತದೆ? ಒಂದು ಹೆಜ್ಜೆ ಇಟ್ಟಳು, ಪೆಟ್ಟಿಗೆ ಎಡಕ್ಕೆ ವಾಲಿತು, ಇನ್ನೊಂದಕ್ಕೆ ಬಲಕ್ಕೆ. ನಾನು ಹಿಡಿಯದೆ ಇದ್ದರೆ ಮದುವೆಯ ಮಾತೇ ಮುಗಿಯುತ್ತಿತ್ತು. ಅವಳ ಕುತ್ತಿಗೆಯ ನರ ಬಿಗಿದುಕೊಂಡು ಕಾಣುತ್ತಿತ್ತು. ನನ್ನ ಕುತ್ತಿಗೆ ಕೊಡಪಾನ, ಕಟ್ಟಿಗೆ ಅಂತ ಹೊತ್ತು ಹೊತ್ತು ಸಣ್ಣಂದಿನಿಂದಲೇ ಹದವಾದದ್ದು. ಅವಳದು ಪುಸ್ತಕದ ಮೇಲೆ ಬಗ್ಗಿ ಬೆಳೆದದ್ದು. ಅವಳಿಗೆ ಚೀಲ ಹುಡುಕಲು ಬಂದವಳು ಇಷ್ಟು ಹೊತ್ತೂ ನನ್ನ ತಲೆಗೇ ಹುಡುಕುತ್ತಿದ್ದೆ ನೋಡಿ.

ಕೊನೆಗೆ ಬಂದದ್ದು ಈ ಬೆನ್ನಿನ ಚೀಲ. ತುಂಬುವ ಕೆಲಸ ನಾನೇ ಮಾಡಿದೆ, ಹೆಡಿಗೆಗೆ ತುಂಬಿದ ಹಾಗೆ ದೊಡ್ಡ ಲೆನ್ಸನ್ನು ತಳಕ್ಕೆ ಹಾಕಿ. ಪವಿ ಹಾಕಿಕೊಂಡವಳೇ ಯಾರೋ ಹಿಂದಿನಿಂದ ಜಗ್ಗಿದ ಹಾಗೆ ನಿಂತಳು. "ಭಾರದ್ದು ತಳಕ್ಕ ಬ್ಯಾಡ್ರಿ, ಬೆನ್ನಿಗೆ ಹತ್ತಿಸಿ ಇಡ್ರಿ" ಅಂದ ಅಂಗಡಿಯವ. ಬಿಚ್ಚಿ ಹಾಗೇ ಇಟ್ಟೆವು. ಅವನು ಚೀಲದಿಂದ ಅಗಲದ ಪಟ್ಟಿಯೊಂದನ್ನು ಹೊರಗೆಳೆದು, "ಇದನ್ನ ಸೊಂಟಕ್ಕ ಬಿಗೀರಿ" ಅಂದ. ಪವಿ ಬಿಗಿದುಕೊಂಡಳು, ಅಂಗಡಿಯೊಳಗೆ ಅತ್ತಿಂದಿತ್ತ ನಡೆದಳು, ಮೆಟ್ಟಿಲಿಳಿದು ಹತ್ತಿದಳು. ಹಿಂದಿನ ಸಂಜೆ ಇಲ್ಲದ ಗೆಲುವು ಅವಳ ಮುಖಕ್ಕೆ ಬರುವುದನ್ನು ನಾನು ಕೂತಲ್ಲಿಂದಲೇ ನೋಡಿದೆ.

"ಅಜ್ಜೀ, ಹೆಗಲಿಗೆ ಗೊತ್ತೇ ಆಗೋದಿಲ್ಲ. ಎಲ್ಲ ಸೊಂಟದ ಮೇಲೆ ಕೂತದೆ!"

ಸೊಂಟದ ಮೇಲೆ! ಇವಳನ್ನೇ ನಾನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಲ್ಲವೇ, ಇಳಿಸಿದರೆ ಅಳುತ್ತಿದ್ದಳು ಅಂತ? ಅಂಗಡಿಯವನಿಗೆ ಬೈದೇ ಬಿಟ್ಟೆ, "ಕೂಸು ಹೊತ್ತ ಹಾಗೆ ಅಂತ ಮೊದ್ಲೇ ಹೇಳ್ಬಾರ್ದೇನೋ ಮಾರಾಯ!"

ಅವನು ಹಿಗ್ಗಿ, "ಇನ್ನೊಂದು ಏನಂದ್ರ ಅಮ್ಮಾರ, ಇದಕ್ಕ ಯಾರೂ ಎತ್ತಿಕೊಡೋದು ಬ್ಯಾಡ. ಕಟ್ಟಿ ಮ್ಯಾಲೆ ಇಟ್ಟು ತೋಳು ತೂರಿಸಿದ್ರ ಮುಗೀತು" ಅಂದ. ಪವಿ ಚೀಲವನ್ನು ಮೇಜಿನ ಮೇಲಿಟ್ಟು ಹಾಗೇ ಮಾಡಿ ತೋರಿಸಿದಳು. ನಾನು ಚಪ್ಪಾಳೆ ತಟ್ಟಿದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಮಾತ್ರ, ಯಾರೂ ಎತ್ತಿಕೊಡುವುದು ಬೇಡ ಅನ್ನುವ ಮಾತು ಎಲ್ಲೋ ಸಣ್ಣಗೆ ಚುಚ್ಚಿತು. ಎಂಥ ಮುದುಕಿ ನಾನು! ಹುಡುಗಿಗೆ ಒಳ್ಳೆಯದಾದರೆ ಅದಕ್ಕೂ ಒಂದು ಕೊಂಕು.

ಮದುವೆಗೆ ಹೊರಟ ಬೆಳಿಗ್ಗೆ ಅವಳು ಚೀಲವನ್ನು ಜಗಲಿಯ ಕಟ್ಟೆಯ ಮೇಲಿಟ್ಟು, ತೋಳು ತೂರಿಸಿ, ಪಟ್ಟಿ ಬಿಗಿದು ಹೊರಟೇಬಿಟ್ಟಳು. ಎತ್ತಿಕೊಡಲು ಚಾಚಿದ್ದ ನನ್ನ ಕೈ ಹಾಗೇ ಉಳಿಯಿತು. ಅದೇ ಕೈಯಲ್ಲಿ ಟಾಟಾ ಮಾಡಿದೆ. ಸಂಜೆ ಫೋನು ಬಂತು. "ಸಂಕದ ಮೇಲೆ ಎರಡೂ ಕೈಯಲ್ಲಿ ಹಗ್ಗ ಹಿಡಕೊಂಡು ದಾಟಿದೆ ಅಜ್ಜಿ! ಕೊಡು ತಂಗಿ, ನಾವು ಹೊರ್ತೇವೆ ಅಂತ ಗಂಡಿನ ಕಡೆಯವ್ರು ಬಂದ್ರು. ಬೇಡ ಅಂದೆ." ಮರಳಿ ಬಂದ ಮೇಲೆ ಯಜಮಾನರು ಫೋಟೋ ನೋಡಿ, ಇನ್ನು ಮೇಲೆ ನೀನೊಬ್ಬಳೇ ಹೋಗು ಅಂದರಂತೆ. ಅದನ್ನು ಕೇರಿಯ ಮನೆಮನೆಗೂ ಹೋಗಿ ಹೇಳಿ ಬಂದೆ. ವಾರಗಿತ್ತಿಯ ಮನೆಗೂ ಹೋದೆ. ಈಗ ನಮ್ಮಿಬ್ಬರಿಗೆ ಮಾತಿದೆ, ಯಾವಾಗ ಶುರುವಾಯಿತೋ ಇಬ್ಬರಿಗೂ ನೆನಪಿಲ್ಲ. ಎಲ್ಲ ಕೇಳಿದ ಮೇಲೆ ಅವಳು ಕೇಳಿದ್ದು ಒಂದೇ: "ಪೆಟ್ಟಿಗೆ ಹೊತ್ತು ಶಿರಸಿ ಪೇಟೆ ತಿರುಗಿದ್ಯಂತಲೆ, ಯಾರಾದ್ರೂ ಮೊಗೆಕಾಯಿ ಕೇಳಿದ್ರಾ?"

ಇಷ್ಟು ಬರೆಯುವಷ್ಟರಲ್ಲಿ ಪವಿ ತಯಾರಾಗಿ ಬಂದಳು. ಇವತ್ತು ಯಲ್ಲಾಪುರದ ಕಡೆ ನಿಶ್ಚಿತಾರ್ಥವಂತೆ. ಗೂಟದಿಂದ ಚೀಲ ತೆಗೆದು, ತುಂಬಿ, ಕಟ್ಟೆಯ ಮೇಲಿಟ್ಟಳು. ಆಮೇಲೆ ನನಗೆ ಬೆನ್ನು ಮಾಡಿ ನಿಂತಳು.

"ಅಜ್ಜೀ, ಎತ್ತಿಕೊಡು."

"ನಿಂಗೆ ಬೇಡ್ವಲ್ಲೆ?"

"ಮೊದಲ್ನೇ ಮದುವೆಗೆ ಹೋದಾಗ ನೀನು ಎತ್ತಿಕೊಡ್ಲಿಲ್ಲ. ದಾರಿಯುದ್ದ ಎಂತದೋ ಬಿಟ್ಟು ಬಂದ ಹಾಗೆ. ಬ್ಯಾಟರಿ ಮರೆತೆನಾ ಅಂತ ಚೀಲ ಬಿಚ್ಚಿ ನೋಡಿದೆ, ಎಲ್ಲ ಇತ್ತು. ಈಗ್ಲೂ ಒಂದೊಂದು ಸಲ ಹಾಗೇ ಆಗ್ತದೆ."

ಪೆನ್ನು ಬಿಸಾಡಿ ಎದ್ದೆ. ಚೀಲದ ತಳಕ್ಕೆ ಎರಡೂ ಕೈ ಕೊಟ್ಟೆ. ಭಾರವೆಲ್ಲ ಅವಳೇ ಎತ್ತಿಕೊಂಡಳು, ನನಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಕೇಳಿದೆ.

"ಕೂತ್ತನೆ?"

"ಕೂತ್ತು, ಬಿಡು."

ನಾನು ಬಿಡಲಿಲ್ಲ. "ಅಜ್ಜೀ, ಬಸ್ಸು!" ಅಂದಮೇಲೆ ಬಿಟ್ಟೆ.

ಈಗ ಗೂಟ ಖಾಲಿ. ಹೊಸ ರಬ್ಬರಿನ ವಾಸನೆ ನನ್ನ ಎರಡೂ ಅಂಗೈಯಲ್ಲಿದೆ. ಇವತ್ತು ಕಸ ಗುಡಿಸುವ ನೆವ ಬೇಕಾಗಲಿಲ್ಲ.