ಎರಡು ಬೆರಳಿನಷ್ಟು ಸಡಿಲ

ನನ್ನ ಮೈದುನ ಹೊಸನಗರದ ಸುತ್ತಮುತ್ತ ಮದುವೆ ಅಡಿಗೆ ಮಾಡೋನು. ಹೋದ ವರ್ಷ ಅವನ ತಲೆ ಕೆಟ್ಟಿತು. ಇದನ್ನ ನಯವಾಗಿ ಹೇಳೋಕೆ ನನಗೆ ಬರೋದಿಲ್ಲ. ನಿದ್ದೆ ಬಿಟ್ಟ, ಇಲ್ಲದ ಮದುವೆಗೆ ಬುಟ್ಟಿಗಟ್ಟಲೆ ತರಕಾರಿ ಹೆಚ್ಚಿದ. ಸಾಗರದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಡ್ರಿಪ್ ಕಿತ್ತು, ಅದರ ಕಂಬ ಹಿಡಿದು, "ಪಾಯಸ ತಳ ಹಿಡೀತದೆ, ದಾರಿ ಬಿಡಿ" ಅಂತ ಎಲ್ಲರ ಮೇಲೆ ಬೀಸಿದ. ಮಾತಾಡಿ ನೋಡಿದರು, ಮಾತ್ರೆ ಕೊಟ್ಟು ನೋಡಿದರು, ಬಗ್ಗಲಿಲ್ಲ. ಕೊನೆಗೆ ಡಾಕ್ಟರು ಹೇಳಿ, ಎರಡೂ ಕೈಗೆ ಮೆತ್ತನೆ ಪಟ್ಟಿ ಹಾಕಿ ಮಂಚಕ್ಕೆ ಕಟ್ಟಿಸಿದರು.

ನರ್ಸ್ ಅವನಿಗೇ ಹೇಳ್ತಾ ಕಟ್ಟಿದಳು. "ಅಣ್ಣಾ, ಇದು ಶಿಕ್ಷೆ ಅಲ್ಲ. ಸಮಾಧಾನ ಆದ ಕೂಡ್ಲೇ ಬಿಚ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಪಟ್ಟಿ ಒಳಗೆ ಎರಡು ಬೆರಳು ಹೋಗ್ಬೇಕು. ಬಿಗಿಯಾದ್ರೆ ರಕ್ತ ಓಡಲ್ಲ. ನಾನು ಬಂದು ಬಂದು ನೋಡ್ತೀನಿ. ಕೈ ತಣ್ಣಗಾದ್ರೆ ಕೂಗಿ" ಅಂದಳು.

ಸೌಟು ಹಿಡಿಯೋ ಕೈ ಅದು. ಅದೇ ಹೋದರೆ ತಲೆ ಸರಿಯಾಗಿ ಎಂತ ಮಾಡೋದು?

ಆಮೇಲೆ ಶುರುವಾದದ್ದು ನೆಂಟರ ಕಾಟ. ನಮ್ಮ ಕಡೆಯವರು ಸಡಿಲ ಗಂಟು ಕಂಡರೆ ಸುಮ್ಮನೆ ಹೋಗೋದಿಲ್ಲ. ಸೊಪ್ಪಿನ ಹೊರೆ ಕಟ್ಟಿ ಬೆಳೆದ ಕೈಗಳು. ಬಂದವರೆಲ್ಲ ಕಿತ್ತಳೆ ಇಟ್ಟು, "ಪಾಪ" ಅಂದು, ಹೊರಡುವಾಗ ಪಟ್ಟಿ ಜಗ್ಗಿ ಬಿಗಿ ಮಾಡೋರು. ಅವನೋ ಮಲಗಿದಲ್ಲಿಂದಲೇ, "ಉಂಡೇ ಹೋಗಿ, ಎರಡನೇ ಪಂಕ್ತಿ ಈಗ ಕೂರ್ತದೆ" ಅಂತ ಉಪಚಾರ ಮಾಡೋನು. ನಾನು ಕೂಗೋದು, ನರ್ಸ್ ಬಂದು ಸಡಿಲಿಸೋದು.

ಕೊನೆಗೆ ತೀರ್ಥಹಳ್ಳಿಯಿಂದ ಅವನ ಭಾವ ಬಂದರು, ರಿಟೈರಾದ ಮೇಷ್ಟ್ರು. ಅವರು ಬಿಗಿದ ಬಿಗಿಗೆ ಬಲಗೈ ಬೆರಳು ನೀಲಿಯಾದವು. ನರ್ಸ್ ಓಡಿಬಂದು ಸಡಿಲಿಸಿ, ಬೈದು ಹೋದಳು.

"ಸ್ವಲ್ಪ ಬಿಗಿ ಇದ್ರೆ ಸಾಯ್ತಾನಾ?" ಅಂದರು ಭಾವ.

"ನೀವೇ ನೋಡಿ" ಅಂತ ಅವರ ಶಾಲಿನಿಂದಲೇ ಅವರ ಎರಡೂ ಕೈಯನ್ನ ಕುರ್ಚಿಗೆ ಕಟ್ಟಿದೆ. ಮೇಷ್ಟ್ರಲ್ಲವಾ, ಮರ್ಯಾದೆಗೆ ಬಿದ್ದು ಕೂತರು.

ಸ್ವಲ್ಪ ಹೊತ್ತಿಗೆ, "ಮೂಗು" ಅಂದರು.

"ಎಂತ ಮೂಗು?"

"ತುರಿಸ್ತದೆ ಮಾರಾಯ್ತಿ, ಬಿಚ್ಚು."

ಮೈದುನ ತಲೆ ಹೊರಳಿಸಿ ನೋಡಿದ. "ಅತ್ತಿಗೆ, ಭಾವಂದು ಮೂಗು ತುರಿಸಿ. ನಂಗೂ ಬೆಳಗ್ಗಿಂದ ತುರಿಸ್ತಿತ್ತು. ಯಾರೂ ಕೇಳ್ಲಿಲ್ಲ."

ಎಷ್ಟೋ ದಿನಕ್ಕೆ ಅವನ ಬಾಯಿಂದ ಬಂದ ನೆಟ್ಟಗಿನ ಮಾತು. ಮೊದಲು ಅವನ ಮೂಗು ತುರಿಸಿದೆ. ಭಾವ ಕಾದರು.

ಅಷ್ಟರಲ್ಲಿ ನರ್ಸ್ ಬಂದಳು. ಕುರ್ಚಿ ನೋಡಿದಳು, ಮಂಚ ನೋಡಿದಳು. "ಅಜ್ಜಿ, ಡಾಕ್ಟ್ರು ಬರೆದಿರೋದು ಒಬ್ಬರಿಗೆ ಮಾತ್ರ."

ಭಾವನನ್ನ ಬಿಚ್ಚಿಸಿ, ಮೈದುನನ ಹತ್ತಿರ ಕೂತಳು. "ಕಂಬ ಬೀಸ್ತೀರಾ ಅಣ್ಣಾ?"

"ಇಲ್ಲ."

"ಮದುವೆ?"

"ಮದುವೆ ಇದೆ. ಗಡಿಬಿಡಿ ಇಲ್ಲ."

ಡಾಕ್ಟರನ್ನ ಕೇಳಿ ಬಂದು ಒಂದು ಕೈ ಬಿಚ್ಚಿದಳು. ಕಾದು ನೋಡಿ ಇನ್ನೊಂದು. ಮುಷ್ಟಿ ಕಟ್ಟಿ ಅಂತ ಅವಳು ಹೇಳಿದರೆ ಬಲಗೈ ಅರ್ಧಕ್ಕೇ ನಿಂತಿತು. ನರ್ಸ್ ನೀವುತ್ತಾ ಕೂತಳು.

ಮಧ್ಯಾಹ್ನ ಊಟ ಬಂತು. ಅವನು ಸಾರು ನೆಕ್ಕಿ ಮುಖ ಕಿವುಚಿದ. ನಾನು ಉಪ್ಪಿನ ಪೊಟ್ಟಣ ಬಿಚ್ಚಿ ಮುಂದಿಟ್ಟೆ. ಬಲಗೈಯಿಂದ ಚಿಟಿಕೆ ಹಿಡಿದು ಎತ್ತಿದ. ಬೆರಳ ಸಂದಿಯಿಂದ ಒಂದು ಹರಳೂ ಉದುರಲಿಲ್ಲ.