ರಾಗಿಹಿಟ್ಟಿನ ಮೇಲೆ ಅಕ್ಕನ ಹೆಜ್ಜೆ

ಹುಲಿಕುಂಟೆ ಕಡೆಯ ನಮ್ಮ ಮನೆತನದಲ್ಲಿ ಒಂದು ಪದ್ಧತಿಯಿದೆ. ಸತ್ತವರು ಜೀವ ಬಿಟ್ಟ ಜಾಗದಲ್ಲಿ ತೆಳ್ಳಗೆ ರಾಗಿಹಿಟ್ಟು ಹರಡಿ, ಮೇಲೆ ಬಿದಿರಿನ ಮಂಕರಿ ಕವುಚಿ, ಬೆಳಗ್ಗೆ ಎತ್ತಿ ನೋಡುತ್ತಾರೆ. ಹಕ್ಕಿಯ ಕಾಲು ಮೂಡಿದ್ದರೆ ಹಕ್ಕಿಯಾಗಿ ಹೋದರು. ಮನುಷ್ಯರ ಹೆಜ್ಜೆ ಮೂಡಿದ್ದರೆ ಅದೇ ಮನೆಗೆ ಮತ್ತೆ ಹುಟ್ಟಿ ಬರುತ್ತಾರೆ. ಏನೂ ಮೂಡದಿದ್ದರೆ? ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮಧುಗಿರಿ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದ ನಮ್ಮಕ್ಕ ಕಾಯಿಲೆ ಬಿದ್ದು, ರಜೆ ಹಾಕಿ ಊರಿಗೆ ಬಂದು, ನಡುಮನೆಯ ಕಂಬದ ಪಕ್ಕ ತೀರಿಕೊಂಡಳು. ಹಿಟ್ಟು ಹರಡಿದ್ದು ಅಲ್ಲೇ.

ಬೆಳಗ್ಗೆ ಮಂಕರಿ ಎತ್ತಿದವಳು ಚಿಕ್ಕಮ್ಮ. ಬಗ್ಗಿ ನೋಡಿ, "ಹಲ್ಲಿ ಓಡಾಡೈತೆ ಕಣಕ್ಕಾ, ಇನ್ನೇನೂ ಇಲ್ಲ" ಅಂದಳು.

"ನಿನ್ ಕಣ್ಗೆ ಹಲ್ಲೀನೇ ಕಾಣೋದು, ಸುಮ್ಕಿರು" ಅಂದ ಅಮ್ಮ ನನ್ನ ಕಡೆ ತಿರುಗಿದಳು. "ಲೇ ಮಗ, ಕಣ್ಗೆ ಕಾಣ್ದೇ ಇರೋದ್ನೆಲ್ಲ ಮಿಷಿನ್ನಾಗೆ ನೋಡ್ತೀಯಲ್ಲ, ಇದ ನೋಡಿ ಹೇಳು. ನನ್ ಸಮಾಧಾನಕ್ಕೆ ಅಂತ ಸುಳ್ ಹೇಳ್ಬ್ಯಾಡ. ನೀನ್ ಇಲ್ಲ ಅಂದ್ರೆ ಇಲ್ಲ."

ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ ಜಾತಿಯದು. ದೇಹದೊಳಗಿನ ಪ್ರೋಟೀನುಗಳನ್ನು ಅಲುಗದಂತೆ ಮಂಜುಗಡ್ಡೆಯ ತೆಳುಪದರದಲ್ಲಿ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಯುತ್ತೇವೆ. ಒಂದೊಂದು ಚಿತ್ರವೂ ಹಿಟ್ಟು ಚೆಲ್ಲಿದ ಹಾಗೆ ಬರೀ ಚುಕ್ಕಿ. ಅಂಥ ಲಕ್ಷಾಂತರ ಮಸುಕುಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ ಆಕಾರ ಹೊರಡಿಸುವುದು ನನ್ನ ಪಾಲಿನ ಕೆಲಸ. ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವ ಎಚ್ಚರಿಕೆಯೂ ಒಂದಿದೆ: ಹುಡುಕುತ್ತಿರುವ ಆಕಾರವನ್ನು ಕಂಪ್ಯೂಟರಿಗೆ ಮುಂಚೆಯೇ ತೋರಿಸಿದರೆ, ಏನೂ ಇಲ್ಲದ ಮಂಜಿನಲ್ಲೂ ಅದು ಅದನ್ನೇ ಕಂಡು ತಂದುಕೊಡುತ್ತದೆ.

ಮೊಬೈಲಿನ ಬೆಳಕನ್ನು ಓರೆಯಾಗಿ ಹಿಡಿದು ಮಂಡಿಯೂರಿದೆ. ಹಲ್ಲಿಯ ಗೀರು, ಹಿಟ್ಟಿನ ಏರುತಗ್ಗು. ಬೇರೇನೂ ಕಾಣಲಿಲ್ಲ. ಇಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಪಕ್ಕದಲ್ಲಿ ಕೂತು, ಹಿಟ್ಟು ಮುಟ್ಟದೆ ಬೆರಳು ತೋರಿಸಿದಳು.

"ಅಕಾ, ಅದು ಹಿಮ್ಮಡಿ. ಇಲ್ಲಿ ನೋಡು ಕಿರುಬೆಳ್ಳು, ಮಡ್ಚ್ಕಂಡೈತೆ."

ಚಿಕ್ಕಂದಿನಲ್ಲಿ ರುಬ್ಬುಗುಂಡು ಬಿದ್ದು ಅಕ್ಕನ ಎಡಗಾಲ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಆ ಬೆರಳು ಹಿಟ್ಟಿನೊಳಗಿಂದ ಎದ್ದು ಬಂತು. ಹಿಂದೆಯೇ ಹಿಮ್ಮಡಿ, ಅಂಗಾಲಿನ ತಗ್ಗು. ಕಣ್ಣು ಮುಚ್ಚಿ ತೆರೆದರೂ ಹೋಗಲಿಲ್ಲ.

"ಕಾಣ್ತೈತೆ ಕಣಮ್ಮ" ಅಂದೆ.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕ ಹೋದಾಗಿನಿಂದ ತುತ್ತು ಮುಟ್ಟದಿದ್ದವಳು, ಪಕ್ಕದ ಮನೆಯವರು ತಂದಿಟ್ಟಿದ್ದ ಮುದ್ದೆಯನ್ನು ತಾನೇ ಕೇಳಿ ಉಂಡಳು.

ಹಿತ್ತಲಲ್ಲಿ ಚಿಕ್ಕಮ್ಮ ಮಂಕರಿ ತೊಳೆಯುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ದಿಟವಾಗ್ಲೂ ಕಂಡ್ತೇನ್ಲಾ?"

"ಅಮ್ಮ ತೋರಿಸಿದ್ಮೇಲೆ ಕಂಡ್ತು."

"ನಂಗೂ ಅಂಗೇ ಕಣ್ಲಾ. ಅದುಕ್ಕೂ ಮುಂಚೆ ಹಲ್ಲೀನೇ ಇದ್ದಿದ್ದು."

ಮಂಕರಿಯಲ್ಲಿ ತೊಳೆಯುವುದೇನೂ ಉಳಿದಿರಲಿಲ್ಲ. ಅವಳು ಮತ್ತೊಂದು ಚೊಂಬು ನೀರು ಹುಯ್ದಳು.