ಒನ್ಸ್ ಮೋರ್ ಮಾಸ್ತರು

ಕೊಲ್ಲಿ ದೇಶದ ಅಲ್ ಗುಬ್ರಾದ ಕನ್ನಡಿಗರಿಗೆ ನಾಟಕದ ಮಾಸ್ತರು ಎಂದರೆ ಗದಗಿನ ಸಚ್ಚಿದಾನಂದರೇ. ಹಗಲೆಲ್ಲ ಎಂಜಿನಿಯರು, ಸಂಜೆಯಾದರೆ ತಾಲೀಮು. ಎಷ್ಟು ವರ್ಷವಾದರೂ ಆಡಿಸುತ್ತಿದ್ದುದು ಒಂದೇ ನಾಟಕ, ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಹಳೆಯದು: ಗುಲಾಮನಾಗಿ ಮಾರಾಟವಾದ ರಾಜಕುಮಾರನೊಬ್ಬ ಕಳೆದುಹೋದ ಹೆಂಡತಿಯನ್ನು ದೂರದ ತೋಟದಲ್ಲಿ ಗುಲಾಮಳಾಗಿ ಕಾಣುತ್ತಾನೆ, ನಡುನಡುವೆ ಗಂಡು ಹುಡುಕುತ್ತ ಬಂದ ಅಕ್ಕತಂಗಿಯರ ನಗೆಯಾಟ. “ಕೆಲಸ ಕೊಟ್ಟ ಕಫೀಲನ ಮುಂದ ರಜಾ ಕೇಳಾಕ ನಿಂತಂಗ ನಿಂತೀಯಲ್ಲೋ ಈರೇಶ, ಗುಲಾಮ ಆದ್ರೂ ನೀ ಅರಸ! ಯಲ್ಲಾ, ಲಗೂನ ಎದಿ ಎತ್ತು!” ಎಂದು ರಾಜಕುಮಾರನ ಪಾತ್ರದವನನ್ನು ಗದರುತ್ತಿದ್ದರು. ರಾಜಕುಮಾರನ ಹೆಂಡತಿಯ ಪಾತ್ರ ಮಾತ್ರ ಯಾವತ್ತೂ ಮಾಸ್ತರರ ಹೆಂಡತಿ ಉಜ್ವಲಾ ಅವರದು. ಗುಲಾಮಗಿರಿಗಿಂತ ಸಾವೇ ಲೇಸೆಂದು ಹಾಡಿ ಆಕೆ ಪ್ರಾಣ ಬಿಟ್ಟೊಡನೆ, ಕಂಪನಿ ನಾಟಕ ನೋಡುತ್ತ ಬೆಳೆದ ಮಾಸ್ತರು ಪರದೆಯ ಸಂದಿಯಿಂದ ತಾವೇ “ಒನ್ಸ್ ಮೋರ್!” ಎಂದು ಕೂಗುತ್ತಿದ್ದರು. ಸತ್ತ ಉಜ್ವಲಾ ಸೆರಗು ಸರಿಮಾಡಿಕೊಂಡು ಎದ್ದು, ಮತ್ತೆ ಹಾಡಿ, ಮತ್ತೆ ಸಾಯುತ್ತಿದ್ದರು. “ಸಾಕ್ ಬಿಡ್ರೀ, ಇನ್ನೆಷ್ಟ್ ಸಲ ಸಾಯ್ಲಿ?” ಎಂದು ಮನೆಗೆ ಬಂದು ನಗುತ್ತಿದ್ದರು. ಹೋದ ವರ್ಷ ಆಸ್ಪತ್ರೆಯಲ್ಲಿ ಆಕೆ ನಿಜಕ್ಕೂ ಕಣ್ಣು ಮುಚ್ಚಿದಾಗ ಮಾಸ್ತರು ಅಳಲಿಲ್ಲ. ಹೊದಿಕೆ ಸರಿಮಾಡಿ, ಪಕ್ಕದಲ್ಲಿದ್ದ ಮಗಳಿಗಷ್ಟೇ ಕೇಳುವ ಹಾಗೆ ಮೆಲ್ಲಗೆ, “ಒನ್ಸ್ ಮೋರ್” ಎಂದು, ಕಾದು ಕೂತರು.